ಬಿರಡೆಯ ಮೇಲೆ ಬಂದ ಅಪವಾದ

ಗಿಟಾರು ಶ್ರುತಿಯಲ್ಲಿ ನಿಲ್ಲುತ್ತಿಲ್ಲವೆಂದು ನಾಲ್ಕು ಜನರ ಎದುರು ಬಾಯಿಬಿಟ್ಟು ನೋಡಿ. ಮೂವರು ಹೇಳುವ ಮಾತು ಒಂದೇ: "ಕೀ ಹೋಗಿವೆ, ಹೊಸ ಸೆಟ್ ಹಾಕಿಸಿ." ನಾಲ್ಕನೆಯವರು ವಾದ್ಯದ ಅಂಗಡಿಯ ಯಜಮಾನರಾಗಿದ್ದರೆ ಇನ್ನೊಂದು ಮಾತು ಸೇರಿಸುತ್ತಾರೆ: "ನೀವು ಕೈ ಹಾಕೋಕೆ ಹೋಗಬೇಡಿ ಸಾರ್, ಇಲ್ಲಿ ತಂದುಬಿಡಿ." ನನ್ನ ತಕರಾರು ಈ ಎರಡೂ ಮಾತುಗಳ ಮೇಲೆ. ಮೊದಲನೆಯದು ಬಹುಪಾಲು ಸುಳ್ಳು. ಎರಡನೆಯದನ್ನು ಒಪ್ಪಿಕೊಂಡವನಿಗೆ ಮೊದಲನೆಯದು ಸುಳ್ಳೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಸ್ಕ್ರೂಡ್ರೈವರನ್ನು ಬೇರೆಯವರ ಕೈಗೆ ಕೊಟ್ಟವನು ಅದರ ಜೊತೆಗೆ ತನ್ನ ವಿವೇಚನೆಯನ್ನೂ ಅಲ್ಲೇ ಬಿಟ್ಟು ಬಂದಿರುತ್ತಾನೆ. ಇಪ್ಪತ್ತು ವರ್ಷ ವಾದ್ಯಗೋಷ್ಠಿಗಳಲ್ಲಿ ಎಲೆಕ್ಟ್ರಿಕ್ ಗಿಟಾರು ಹಿಡಿದು ನಿಂತ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಆರ್ಕೆಸ್ಟ್ರಾ ಹುಡುಗರು 'ಕೀ' ಎನ್ನುವುದನ್ನು ನಾನು ಬಿರಡೆ ಎಂದೇ ಕರೆಯುತ್ತೇನೆ. ವೀಣೆಗೆ, ತಂಬೂರಿಗೆ, ಪಿಟೀಲಿಗೆ ಸಲ್ಲುವ ಹೆಸರು ಗಿಟಾರಿಗೇಕೆ ಸಲ್ಲಬಾರದು? ಮಾಡುವ ಕೆಲಸ ಒಂದೇ, ತಂತಿ ಬಿಗಿಯುವುದು. ಆದರೆ ಒಳಗಿನ ಗುಟ್ಟು ಬೇರೆ, ಮತ್ತು ನನ್ನ ವಾದವೆಲ್ಲ ನಿಂತಿರುವುದು ಆ ಗುಟ್ಟಿನ ಮೇಲೆ. ಆದ್ದರಿಂದ ಓದುಗರು ಸ್ವಲ್ಪ ಯಂತ್ರದ ಮಾತನ್ನು ಸಹಿಸಿಕೊಳ್ಳಬೇಕು.

ವೀಣೆಯ ಬಿರಡೆ ಎಂದರೆ ಮರದ ತೂತಿನೊಳಗೆ ಸಿಕ್ಕಿಸಿದ ಮರದ ಗೂಟ. ಅದನ್ನು ಹಿಡಿದಿಟ್ಟಿರುವುದು ಮರಕ್ಕೆ ಮರ ಒತ್ತಿದ ಬಿಗಿ, ಅಷ್ಟೇ. ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಜಾರುತ್ತದೆ. ಗಿಟಾರಿನ ಬಿರಡೆ ಹಾಗಲ್ಲ. ಅದರ ಗುಂಡಿಯ ಕಡ್ಡಿಗೆ ಸ್ಕ್ರೂವಿನಂತೆ ಸುರುಳಿ ಕೊರೆದಿರುತ್ತದೆ. ಮೆಕ್ಯಾನಿಕ್ಕುಗಳು ಅದಕ್ಕೆ ವರ್ಮ್ ಎನ್ನುತ್ತಾರೆ. ಆ ಸುರುಳಿ ಒಂದು ಪುಟ್ಟ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ, ಚಕ್ರದ ಜೊತೆ ತಂತಿ ಸುತ್ತಿದ ಕಂಬ ತಿರುಗುತ್ತದೆ. ಗುಂಡಿಯನ್ನು ಹದಿನೈದು ಸುತ್ತು ತಿರುಗಿಸಿದರೆ ಕಂಬ ಒಂದು ಸುತ್ತು ತಿರುಗುವಂಥದ್ದನ್ನು 15:1 ಎನ್ನುತ್ತಾರೆ. ಕಂಬದ ದಪ್ಪ 6 ಮಿಲಿಮೀಟರ್ ಎಂದಿಟ್ಟುಕೊಂಡರೆ ಗುಂಡಿಯ ಒಂದು ಪೂರ್ತಿ ಸುತ್ತಿಗೆ ಎಳೆದುಕೊಳ್ಳುವ ತಂತಿ ಒಂದೂಕಾಲು ಮಿಲಿಮೀಟರ್. ಇಷ್ಟು ನಾಜೂಕು.

ಈ ಏರ್ಪಾಟಿಗೆ ಇನ್ನೊಂದು ಗುಣವಿದೆ. ಗುಂಡಿ ತಿರುಗಿಸಿದರೆ ಕಂಬ ತಿರುಗುತ್ತದೆ, ಆದರೆ ಕಂಬವನ್ನು ಎಳೆದು ಗುಂಡಿಯನ್ನು ತಿರುಗಿಸಲಾಗುವುದಿಲ್ಲ. ಲಾರಿಯ ಕೆಳಗಿಡುವ ಸ್ಕ್ರೂ ಜಾಕನ್ನು ನೆನೆಸಿಕೊಳ್ಳಿ. ಲಾರಿಯ ಭಾರ ಎಷ್ಟೇ ಇರಲಿ, ಹಿಡಿ ತಿರುಗಿಸದೆ ಜಾಕ್ ತಾನಾಗಿ ಇಳಿಯುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಸಾಮಾನ್ಯ ಹತ್ತರ ಸೆಟ್ಟಿನ ಒಂದೊಂದು ತಂತಿಯೂ ಶ್ರುತಿಗೆ ಬಂದಾಗ ಸುಮಾರು 7ರಿಂದ 9 ಕಿಲೋ ಎಳೆಯುತ್ತದೆ. ಆರೂ ಸೇರಿ 45 ಕಿಲೋ ದಾಟುತ್ತದೆ. ಇಷ್ಟು ಎಳೆದರೂ ಚಕ್ರ ಸುರುಳಿಯನ್ನು ಹಿಂದಕ್ಕೆ ತಿರುಗಿಸಲಾರದು. ಹಲ್ಲುಗಳ ನಡುವೆ ಒಂದಿಷ್ಟು ಸಡಿಲವಿದ್ದರೂ ತಂತಿಯ ಎಳೆತ ಆ ಸಡಿಲವನ್ನು ಯಾವಾಗಲೂ ಒಂದೇ ಬದಿಗೆ ಒತ್ತಿ ಇಟ್ಟಿರುತ್ತದೆ. ಶ್ರುತಿಯನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತ ನಿಲ್ಲಿಸಿದರೆ ಆ ಸಡಿಲ ಲೆಕ್ಕಕ್ಕೇ ಬರುವುದಿಲ್ಲ. ಗುಂಡಿ ಅಲ್ಲಾಡುತ್ತದೆ, ಆದ್ದರಿಂದ ಶ್ರುತಿ ಇಳಿಯುತ್ತದೆ ಎಂಬುದು ಅಲ್ಲಾಡುವ ಬಾಗಿಲಿನಿಂದಲೇ ಕಳ್ಳ ಬಂದ ಎನ್ನುವಂಥ ತರ್ಕ.

ಹಾಗಾದರೆ ಶ್ರುತಿ ಇಳಿಯುವುದೇಕೆ? ತಂತಿ ಬಿರಡೆಗೆ ಹೋಗುವ ಮುನ್ನ ಒಂದು ಹಲ್ಲುಪಟ್ಟಿಯನ್ನು ದಾಟುತ್ತದಲ್ಲ, ಮೂಳೆಯದೋ ಪ್ಲಾಸ್ಟಿಕ್ಕಿನದೋ, ಅದಕ್ಕೆ ಗಿಟಾರಿನವರು ನಟ್ ಎನ್ನುತ್ತಾರೆ. ಬೋಲ್ಟಿನ ಹೆಂಡತಿಯಾದ ನಟ್ಟಲ್ಲ ಇದು, ಬೇರೆ ಮನೆತನ. ಇದರ ಗಾಡಿ ಇಕ್ಕಟ್ಟಾಗಿದ್ದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಶ್ರುತಿ ಏರಿಸಲು ಹೋಗುತ್ತೀರಿ, ಏರುವುದಿಲ್ಲ. ಇನ್ನೊಂದಿಷ್ಟು ತಿರುಗಿಸುತ್ತೀರಿ, ಆಗಲೂ ಇಲ್ಲ. ಆಮೇಲೆ 'ಟಿಂಗ್' ಎಂದು ಸದ್ದಾಗಿ ಒಮ್ಮೆಗೇ ಜಿಗಿಯುತ್ತದೆ. ಆ ಟಿಂಗ್ ಬಂದದ್ದು ಹಲ್ಲುಪಟ್ಟಿಯಿಂದ. ಬಿರಡೆ ತನ್ನ ಪಾಲಿನ ಕೆಲಸವನ್ನು ಮಾಡಿ ಮುಗಿಸಿತ್ತು. ಇನ್ನು ತಂತಿಯನ್ನು ಜಗ್ಗಿ ಗಮಕ ತೆಗೆದಾಗ ಅದು ಹಲ್ಲುಪಟ್ಟಿಯ ಮೂಲಕ ಒಡಲಿನ ಕಡೆಗೆ ಒಂದು ಕೂದಲೆಳೆಯಷ್ಟು ಸರಿದು, ಬಿಟ್ಟಾಗ ವಾಪಸು ಹೋಗಲಾರದೆ ಅಲ್ಲೇ ನಿಲ್ಲುತ್ತದೆ, ಸ್ವರ ಇಳಿಯುತ್ತದೆ. ಆಗ ಹಲ್ಲುಪಟ್ಟಿಗೂ ಬಿರಡೆಗೂ ನಡುವೆ ಇರುವ ತಂತಿಯ ತುಂಡನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಸ್ವರ ಮತ್ತೆ ಜಾಗಕ್ಕೆ ಬಂತೆ? ಅಪರಾಧಿ ಸಿಕ್ಕ.

ಇದರ ಜೊತೆ ಸಣ್ಣಪುಟ್ಟ ಸಹಾಯಕರೂ ಇದ್ದಾರೆ. ಕಂಬಕ್ಕೆ ಹತ್ತು ಸುತ್ತು ಒಂದರ ಮೇಲೊಂದು ಸುತ್ತಿದ ತಂತಿ ದಿನವಿಡೀ ಕುಗ್ಗುತ್ತ ಹೋಗುತ್ತದೆ. ಹೊಸ ತಂತಿಯನ್ನು ಕೈಯಿಂದ ಎಳೆದು ಹದ ಮಾಡದಿದ್ದರೆ ಅದು ಹಾಡಿನ ಮಧ್ಯೆ ತಾನೇ ಹದವಾಗುತ್ತದೆ. ಗಣಪತಿ ಪೆಂಡಾಲಿನ ಫೋಕಸ್ ದೀಪದ ಕೆಳಗೆ ಉಕ್ಕಿನ ತಂತಿ ಕಾದು ಹಿಗ್ಗಿ ಆರೂ ಶ್ರುತಿ ಒಟ್ಟಿಗೆ ಇಳಿಯುತ್ತವೆ. ಇಷ್ಟೆಲ್ಲ ಇದ್ದರೂ ಶಿಕ್ಷೆ ಮಾತ್ರ ಬಿರಡೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ ಇರಬೇಕು. ಬರೆಗೆ ಬಿಲ್ಲು ಬೇರೆ.

ಅಪವಾದವನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಖರ್ಚು ಏನೂ ಇಲ್ಲ, ಬೇಕಾದದ್ದು ಸಣ್ಣ ಸ್ಕ್ರೂಡ್ರೈವರ್, ಬುಷ್ ಬಿಚ್ಚುವ ಸ್ಪಾನರ್ ಮತ್ತು ಒಂದು ಸಂಜೆ. ಆರೂ ಬಿರಡೆಗಳು ಒಂದೇ ಸಾಲಿನಲ್ಲಿರುವ ಗಿಟಾರಾದರೆ ಅವೆಲ್ಲ ಒಂದೇ ಜಾತಿಯವು. ತೊಂದರೆ ಕೊಡುವ ತಂತಿ, ಹೆಚ್ಚಾಗಿ ಅದು ಮೂರನೆಯದೇ, ಅದರ ಬಿರಡೆಯನ್ನು ತೆಗೆದು ಯಾವ ತಕರಾರೂ ಇಲ್ಲದ ಆರನೆಯ ತಂತಿಯ ಜಾಗಕ್ಕೆ ಹಾಕಿ, ಆರನೆಯದನ್ನು ಮೂರನೆಯದರ ಜಾಗಕ್ಕೆ ತನ್ನಿ. ಮೂರು ಬಿರಡೆ ಈ ಬದಿ, ಮೂರು ಆ ಬದಿ ಇರುವ ಗಿಟಾರಾದರೆ ಒಂದೇ ಬದಿಯವುಗಳನ್ನು ಅದಲುಬದಲು ಮಾಡಿ. ಈಗ ನುಡಿಸಿ ನೋಡಿ. ರೋಗ ಬಿರಡೆಯ ಜೊತೆ ಆರನೆಯ ತಂತಿಗೆ ಹೋಯಿತೋ, ಬಿರಡೆ ತಪ್ಪಿತಸ್ಥ. ರೋಗ ಮೂರನೆಯ ತಂತಿಯಲ್ಲೇ ಕೂತಿದೆಯೋ, ಬಿರಡೆ ನಿರಪರಾಧಿ. ನನ್ನ ಗಿಟಾರು, ಜೊತೆಯವರ ಗಿಟಾರು ಎಲ್ಲ ಸೇರಿ ಹತ್ತಾರು ಸಲ ಈ ಪರೀಕ್ಷೆ ಮಾಡಿದ್ದೇನೆ. ಬಿರಡೆಗೆ ಶಿಕ್ಷೆ ಆದದ್ದು ಎರಡೇ ಸಲ. ಉಳಿದದ್ದಕ್ಕೆಲ್ಲ ಪೆನ್ಸಿಲ್ಲಿನ ಸೀಸವನ್ನು ಹಲ್ಲುಪಟ್ಟಿಯ ಗಾಡಿಗೆ ಉಜ್ಜಿದ್ದು, ಇಲ್ಲವೆ ಆ ಗಾಡಿಯನ್ನು ಬಲ್ಲವರಿಂದ ಸ್ವಲ್ಪ ಅಗಲ ಮಾಡಿಸಿದ್ದು ಸಾಕಾಯಿತು.

ಈ ಪರೀಕ್ಷೆಯನ್ನು ಯಾವ ಅಂಗಡಿಯೂ ಮಾಡಿ ತೋರಿಸಿದ್ದನ್ನು ನಾನು ನೋಡಿಲ್ಲ. ಅವರನ್ನು ದೂರುವುದು ಹೇಗೆ? ಬಿರಡೆಗಳು ಗಾಜಿನ ಬೀರುವಿನಲ್ಲಿ ಡಬ್ಬಿಯಲ್ಲಿ ಕೂತಿರುತ್ತವೆ. ಪೆನ್ಸಿಲ್ ಪಕ್ಕದ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮ ಶಿವಮೊಗ್ಗದ ಒಬ್ಬ ಹುಡುಗನ ಕತೆ ಹೇಳಬೇಕು. ಹೆಸರು ಬೇಡ. ಹಗಲು ಮೊಬೈಲ್ ರಿಪೇರಿ, ಗಣೇಶನ ಹಬ್ಬ ಬಂದರೆ ತಿಂಗಳಿಡೀ ರಾತ್ರಿ ಆರ್ಕೆಸ್ಟ್ರಾ. ಕೈಯಲ್ಲಿ ಒಳ್ಳೆಯ ನಾದವಿದೆ. ಹಾಡಿನ ನಡುವೆ ಮೂರನೆಯ ತಂತಿ ಇಳಿಯುತ್ತಿತ್ತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ತೋರಿಸಿದ. ಬಿರಡೆಗಳೆಲ್ಲ ಹಳತು, ತಂತಿಯನ್ನು ಕಂಬದಲ್ಲೇ ಕಚ್ಚಿ ಹಿಡಿಯುವ ಲಾಕಿಂಗ್ ಕೀ ಹಾಕಿದರೆ ಜನ್ಮಪೂರ್ತಿ ಚಿಂತೆಯಿಲ್ಲ ಎಂದರು. ಆರು ಕಾರ್ಯಕ್ರಮಗಳ ಸಂಭಾವನೆ ಅದಕ್ಕೆ ಹೋಯಿತು. ಹಳೆಯ ಬಿರಡೆಗಳ ತೂತು ಸುಮಾರು ಎಂಟೂವರೆ ಮಿಲಿಮೀಟರ್, ಹೊಸವಕ್ಕೆ ಬೇಕಾದದ್ದು ಹತ್ತು. ಅಂಗಡಿಯ ಹುಡುಗ ಕೈಯಲ್ಲೇ ಪವರ್ ಡ್ರಿಲ್ ಹಿಡಿದು ಆರು ತೂತನ್ನೂ ದೊಡ್ಡದು ಮಾಡಿದ. ಅಂಥ ತೂತನ್ನು ಅಗಲಿಸಬೇಕಾದರೆ ಕೈಯಲ್ಲಿ ನಿಧಾನವಾಗಿ ತಿರುಗಿಸುವ ರೀಮರ್ ಬೇಕು. ಡ್ರಿಲ್ಲಿನ ಹಲ್ಲು ಅಂಚಿಗೆ ಕಚ್ಚಿ ಎರಡು ಕಡೆ ಬಣ್ಣದ ಜೊತೆ ಮರದ ಚಕ್ಕೆ ಎದ್ದಿತ್ತು. ಇದೆಲ್ಲ ಮುಗಿದು ಅವನು ವೇದಿಕೆ ಹತ್ತಿದ ದಿನ ಮೂರನೆಯ ತಂತಿ ಮೊದಲಿನಂತೆಯೇ ಇಳಿಯಿತು.

ಇಳಿಯದೆ ಏನಾಗುತ್ತದೆ? ಹಲ್ಲುಪಟ್ಟಿಯನ್ನು ಯಾರೂ ಮುಟ್ಟಿರಲಿಲ್ಲ. ಲಾಕಿಂಗ್ ಬಿರಡೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಂತಿ ಬದಲಿಸುವುದು ಅದರಲ್ಲಿ ಬಹಳ ಸಲೀಸು, ಕಂಬದ ಮೇಲಿನ ಸುತ್ತು ಸರಿಯುವ ತೊಂದರೆಯೂ ತಪ್ಪುತ್ತದೆ. ಆದರೆ ಅದು ಗುಣಪಡಿಸುವ ರೋಗ ಈ ಹುಡುಗನಿಗೆ ಇರಲಿಲ್ಲ. ಇನ್ನೂ ಹೊಟ್ಟೆಗೆ ಬೆಂಕಿ ಬೀಳುವ ವಿಷಯವೆಂದರೆ ಆ ತೂತು ಇನ್ನು ಚಿಕ್ಕದಾಗುವುದಿಲ್ಲ. ಹಳೆಯದಕ್ಕೆ ಮರಳಬೇಕಾದರೆ ಹೊರಗೆ ಹತ್ತು ಮಿಲಿಮೀಟರ್, ಒಳಗೆ ಕಂಬದ ಅಳತೆ ಇರುವ ಬುಷ್‌ಗಳನ್ನು ಪ್ರತ್ಯೇಕ ಹುಡುಕಿ ತರಬೇಕು. ಅವನ ಕೈಯಲ್ಲಿ ಮೊಬೈಲ್ ಬಿಚ್ಚುವ ಎಂಟು ಬಗೆಯ ಸ್ಕ್ರೂಡ್ರೈವರ್‌ಗಳಿದ್ದವು. ಸಾಸಿವೆ ಕಾಳಿನಷ್ಟು ಸ್ಕ್ರೂಗಳನ್ನು ದಿನಕ್ಕೆ ನೂರು ಸಲ ಬಿಚ್ಚಿ ಹಾಕುವ ಹುಡುಗ ಗಿಟಾರಿನ ಸ್ಕ್ರೂ ಕಂಡು ಹೆದರಿದ, ಯಾಕೆಂದರೆ ಹೆದರಬೇಕೆಂದು ಅವನಿಗೆ ಹೇಳಿಕೊಡಲಾಗಿತ್ತು.

ಅಂಗಡಿಯೊಂದರ ಬುದ್ಧಿ ಇದು ಎಂದು ತಳ್ಳಿಹಾಕುವಂತಿಲ್ಲ. ದೊಡ್ಡ ದೊಡ್ಡ ಕಂಪನಿಗಳೂ ಇದೇ ಹಾದಿ ಹಿಡಿದು ಕೈಸುಟ್ಟುಕೊಂಡಿವೆ. ಅಮೆರಿಕದ ಗಿಬ್ಸನ್ ಕಂಪನಿ 2007ರಲ್ಲಿ, ಜರ್ಮನಿಯ ಟ್ರಾನಿಕಲ್‌ನವರ ತಂತ್ರವನ್ನು ಬಳಸಿ, ಮೋಟಾರಿನಿಂದ ತಾನೇ ಶ್ರುತಿ ಮಾಡಿಕೊಳ್ಳುವ ರೋಬೋ ಗಿಟಾರನ್ನು ಹೊರತಂದಿತು. 2015ರಲ್ಲಿ ಅಮೆರಿಕದಲ್ಲಿ ತಯಾರಾಗುವ ತನ್ನ ಹೆಚ್ಚುಕಡಿಮೆ ಎಲ್ಲ ಎಲೆಕ್ಟ್ರಿಕ್ ಗಿಟಾರುಗಳಿಗೂ ಅಂಥದ್ದೊಂದು ಯಂತ್ರವನ್ನು ಕೂರಿಸಿ ಬೆಲೆ ಏರಿಸಿತು. ನುಡಿಸುವವರು ಮೂಗು ಮುರಿದರು. ಹಲವರು ಆ ಯಂತ್ರವನ್ನು ಬಿಚ್ಚಿಟ್ಟು ಮಾಮೂಲಿ ಬಿರಡೆ ಹಾಕಿಕೊಂಡರು. ಹಳೇ ಗಂಡನ ಪಾದವೇ ಗತಿ! ಕಂಪನಿ 2018ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಗಿ ಅದೇ ವರ್ಷ ಹೊರಬಂತು. ಅದಕ್ಕೆ ಬೇರೆ ವ್ಯವಹಾರಗಳ ಸಾಲ ಕಾರಣವೇ ಹೊರತು ಪಾಪ, ಬಿರಡೆಯಲ್ಲ. ಆದರೆ ನೋಡಿ, ಆ ಕಂಪನಿಯ ಗಿಟಾರುಗಳ ತಲೆ ಹಿಂದಕ್ಕೆ ಹದಿನೇಳು ಡಿಗ್ರಿಯಷ್ಟು ವಾಲಿರುತ್ತದೆ, ನಡುವಿನ ಎರಡು ತಂತಿಗಳು ಹಲ್ಲುಪಟ್ಟಿ ದಾಟಿದೊಡನೆ ಬದಿಗೆ ತಿರುಗಿ ಹೋಗುತ್ತವೆ. ತಂತಿ ಸಿಕ್ಕಿಬೀಳಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮೋಟಾರು ಆ ಗಾಡಿಯನ್ನು ಅಗಲ ಮಾಡಬಲ್ಲದೆ?

ಇದಕ್ಕೆ ಎದುರಾಗಿ ಫ್ಲಾಯ್ಡ್ ರೋಸ್ ಎಂಬಾತ 1970ರ ದಶಕದ ಕೊನೆಯಲ್ಲಿ ಮಾಡಿದ್ದನ್ನು ನೋಡಿ. ತಂತಿಗಳನ್ನು ಜೋರಾಗಿ ಸಡಿಲಿಸಿ ಬಿಗಿಯುವ ಹಿಡಿಯಿರುವ ಗಿಟಾರುಗಳು ಶ್ರುತಿ ಕಳೆದುಕೊಳ್ಳುವುದನ್ನು ತಪ್ಪಿಸಲು ಆತ ಬಿರಡೆಯ ತಂಟೆಗೇ ಹೋಗಲಿಲ್ಲ. ಹಲ್ಲುಪಟ್ಟಿಯ ಜಾಗದಲ್ಲೇ ತಂತಿಗಳನ್ನು ಹಿಡಿಕೆಯಿಂದ ಬಿಗಿದುಬಿಟ್ಟ. ಹಾಗೆ ಬಿಗಿದ ಮೇಲೆ ಅದರಾಚೆಗಿನ ಬಿರಡೆ ಎಷ್ಟು ಹಳತಾದರೂ ಶ್ರುತಿಗೆ ಅದರ ಸಂಬಂಧವೇ ಇಲ್ಲ. ರೋಗ ಎಲ್ಲಿದೆ ಎಂದು ಗೊತ್ತಿದ್ದವನ ಔಷಧ ಅದು.

ಈಗ ಎರಡನೆಯ ಮಾತಿಗೆ ಬರುತ್ತೇನೆ. "ನೀವು ಕೈ ಹಾಕಬೇಡಿ." ನಮ್ಮ ವೈಣಿಕರ ಮನೆಗಳಲ್ಲಿ ಬಿರಡೆ ಜಾರಿದರೆ ಯಾರು ಯಾವ ಅಂಗಡಿಗೆ ಓಡುತ್ತಾರೆ? ಬಿರಡೆಯನ್ನು ಹೊರಗೆಳೆದು, ಸೀಮೆಸುಣ್ಣ ಹಚ್ಚಿ, ಒತ್ತಿ ತಿರುಗಿಸಿ ಕೂರಿಸುವುದನ್ನು ಪಾಠ ಹೇಳಿಸಿಕೊಳ್ಳುವ ಮಕ್ಕಳೂ ಗುರುಗಳನ್ನು ನೋಡಿ ಕಲಿಯುತ್ತಾರೆ. ವಾದ್ಯವೆಂದರೆ ಸ್ವರ ಹೊರಡುವ ಮುಂಭಾಗ ಮಾತ್ರವೇ? ಪಿಟೀಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಎಂಬುದು ಉದ್ದೇಶ. ಶತಮಾನಗಳಿಂದ ಪಶ್ಚಿಮದವರು ಮುಟ್ಟಲು ಹಿಂಜರಿದ ವಾದ್ಯದ ತಲೆಯನ್ನು ತಿರುಮಕೂಡಲಿನ ಒಬ್ಬ ಮನುಷ್ಯ ಬದಲಿಸಬಹುದೆಂದು ಯೋಚಿಸಿದ್ದೇ ನನಗೆ ಅವರ ಕಛೇರಿಗಳಷ್ಟು ದೊಡ್ಡದಾಗಿ ಕಾಣುತ್ತದೆ. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನ ಕಟ್ಟಿದ್ದೇವೆ. ಕಟ್ಟಡಕ್ಕೂ ಬಿರಡೆ ಇಟ್ಟಿದ್ದೇವೆ. ಆ ಭವನದೊಳಗೆ ಕೂತು ಗಿಟಾರು ಕೇಳುವ ನಮ್ಮ ಹುಡುಗರಿಗೆ ಮಾತ್ರ ಸ್ಕ್ರೂ ಮುಟ್ಟಬೇಡಿ ಎಂದು ಹೇಳುತ್ತೇವೆ.

ಇನ್ನು ಎಲೆಕ್ಟ್ರಿಕ್ ಗಿಟಾರಿನ ವಂಶವನ್ನೇ ಕೇಳಿ. 1950ರ ದಶಕದಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಮುಖ್ಯನಾದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಕೆಟ್ಟದ್ದನ್ನು ಬಿಚ್ಚಿ ಸರಿಮಾಡುವವನ ಕಣ್ಣಿನಿಂದಲೇ ಅವನು ವಾದ್ಯವನ್ನು ನೋಡಿದ. ಕತ್ತನ್ನು ಒಡಲಿಗೆ ಅಂಟಿಸದೆ ನಾಲ್ಕು ಸ್ಕ್ರೂ ಹಾಕಿ ಕೂರಿಸಿದ. ಬಿರಡೆಗಳನ್ನು ಒಂದೇ ಸಾಲಿನಲ್ಲಿಟ್ಟ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ವಿಯೆನ್ನಾದ ಸ್ಟೌಫರ್ ಎಂಬ ಗಿಟಾರು ತಯಾರಕನೂ ಹೀಗೆಯೇ ಇಟ್ಟಿದ್ದ. ಆಗಿನ ಗಿಟಾರುಗಳಿಗೆ ಹಾಕುತ್ತಿದ್ದ ಕ್ಲೂಸನ್ ಬಿರಡೆಗಳ ಹಿಂಬದಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತಿತ್ತು, ಒಂದು ತೊಟ್ಟು ಎಣ್ಣೆ ಬಿಡುವುದಕ್ಕೆ. ಆ ತೂತು ಯಾರಿಗಾಗಿ? ಗಿಟಾರಿನ ಯಜಮಾನನಿಗಾಗಿ. 1960ರ ದಶಕದಲ್ಲಿ ಜರ್ಮನಿಯ ಶಾಲ್ಲರ್ ಮುಂತಾದವರು ಪೂರ್ತಿ ಮುಚ್ಚಿದ, ಒಳಗೇ ಗ್ರೀಸ್ ತುಂಬಿದ ಬಿರಡೆ ತಂದರು. ನಮ್ಮ ಧೂಳಿಗೆ ಅದು ನಿಜಕ್ಕೂ ಒಳ್ಳೆಯದು, ನನ್ನ ಗಿಟಾರಿಗೂ ಅಂಥದ್ದೇ ಇದೆ. ಆದರೆ ಎಣ್ಣೆಯ ತೂತು ಮುಚ್ಚಿದ ದಿನದಿಂದ ನುಡಿಸುವವನ ಕೈಯೂ ಹಿಂದೆ ಸರಿಯಿತು.

ಮೂಡಿಗೆರೆಯ ತೇಜಸ್ವಿಯವರು ತಮ್ಮ ವಾಹನವನ್ನು ತಾವೇ ಬಿಚ್ಚಿ ಜೋಡಿಸುತ್ತಿದ್ದುದನ್ನು ಓದಿ ನಾವು ತಲೆದೂಗುತ್ತೇವೆ. ಪುಸ್ತಕ ಮುಚ್ಚಿದ ಮೇಲೆ ಮನೆಯ ಫ್ಯಾನಿನ ರೆಗ್ಯುಲೇಟರಿಗೂ ಜನ ಕರೆಸುತ್ತೇವೆ. ಓದಿದವನ ಕೈಗೆ ಗ್ರೀಸ್ ಹತ್ತಬಾರದು ಎಂಬ ಹಳೆಯ ಮಡಿಯೇ ಈಗ 'ಪ್ರೊಫೆಷನಲ್ ಸರ್ವಿಸ್' ಎಂಬ ಹೊಸ ಪಂಚೆ ಉಟ್ಟುಕೊಂಡು ಬಂದಿದೆ ಎಂದು ನನ್ನ ಗುಮಾನಿ.

ಇದಕ್ಕೆ ಒಬ್ಬ ಸ್ನೇಹಿತರು ಒಮ್ಮೆ ಜೋರಾಗಿಯೇ ಆಕ್ಷೇಪಿಸಿದರು. "ಎಲ್ಲರೂ ನಿಮ್ಮ ಹಾಗೆ ಮನೆಯಲ್ಲೇ ಮಾಡಿಕೊಂಡರೆ ಕಸುಬಿನವರ ಗತಿಯೇನು ಮಾರಾಯರೆ? ಅವರ ಅನ್ನಕ್ಕೆ ಕಲ್ಲು ಹಾಕಿದ ಹಾಗಲ್ಲವೆ?" ಮಾತಿನಲ್ಲಿ ಹುರುಳಿದೆ. ಆದ್ದರಿಂದ ಗೆರೆ ಎಲ್ಲಿ ಎಳೆಯಬೇಕೆಂದು ಸ್ಪಷ್ಟವಾಗಿ ಹೇಳುತ್ತೇನೆ. ವೀಣೆಗೆ ಮೇಣದಲ್ಲಿ ಮೆಟ್ಟಿಲು ಕೂರಿಸಿ ಮೇಳ ಕಟ್ಟುವುದು ವಿದ್ಯೆ. ಅದಕ್ಕೆ ಕಿವಿ ಬೇಕು, ವರ್ಷಗಳ ಅಭ್ಯಾಸ ಬೇಕು. ಗಿಟಾರಿನ ಲೋಹದ ಮೆಟ್ಟಿಲುಗಳನ್ನು ಅರದಲ್ಲಿ ಉಜ್ಜಿ ಮಟ್ಟ ಮಾಡುವುದು, ಮೂಳೆಯ ಹಲ್ಲುಪಟ್ಟಿಗೆ ಗಾಡಿ ಕೊರೆಯುವುದು, ಇವೂ ಹಾಗೆಯೇ. ಒಂದು ಕೂದಲು ಹೆಚ್ಚು ಉಜ್ಜಿದರೆ ವಾಪಸು ಬರುವಂತಿಲ್ಲ. ಅಂಥದ್ದನ್ನು ಬಲ್ಲವರಿಗೆ ಕೊಡಿ, ಕೇಳಿದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚೇ ಕೊಡಿ. ಆದರೆ ಬಿರಡೆ ಬದಲಿಸುವುದು ಬಾಗಿಲಿನ ಚಿಲಕ ಬದಲಿಸಿದಷ್ಟು ಕೆಲಸ. ಚಿಲಕ ಬದಲಿಸಿದ್ದಕ್ಕೆ ಮನೆ ಕಟ್ಟಿದಷ್ಟು ಬಿಲ್ಲು ಬರೆಯುವವರನ್ನು ಕಸುಬುದಾರರೆಂದು ಕರೆದರೆ ನಿಜವಾದ ಕಸುಬುದಾರನಿಗೇ ಅವಮಾನ.

ಬಿರಡೆ ನಿಜವಾಗಿಯೂ ಹೋಗುವುದು ಉಂಟು. ಹಲ್ಲು ಸವೆದು ತಿರುಗಿಸುವಾಗ ಕಟಕ್ಕೆಂದು ಜಾರುವುದು, ಬಿದ್ದ ಪೆಟ್ಟಿಗೆ ಕಂಬ ಬಾಗುವುದು, ಕರಾವಳಿಯ ಉಪ್ಪು ಗಾಳಿಗೆ ತುಕ್ಕು ತಿಂದು ಕಚ್ಚಿಕೊಳ್ಳುವುದು, ಹಳೆಯ ಪ್ಲಾಸ್ಟಿಕ್ ಗುಂಡಿ ಕುಗ್ಗಿ ಪುಡಿಯಾಗುವುದು. ಆಗ ಬದಲಿಸಲೇಬೇಕು. ಕೊಳ್ಳುವ ಮುಂಚೆ ಹಳೆಯದೊಂದನ್ನು ಬಿಚ್ಚಿ ತಲೆಯ ತೂತನ್ನು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಅದಿಲ್ಲದಿದ್ದರೆ ಡ್ರಿಲ್ ಬಿಟ್ಟುಗಳ ಹಿಂಬದಿಯನ್ನು ಒಂದೊಂದಾಗಿ ತೂರಿಸಿ ನೋಡಿದರೂ ಗೊತ್ತಾಗುತ್ತದೆ. ಎಂಟೂವರೆಯ ಆಸುಪಾಸಿನ ತೂತಿಗೆ ಅದೇ ಅಳತೆಯ ಹಳೆಯ ಮಾದರಿಯವು ಸಿಗುತ್ತವೆ. ಹತ್ತರ ತೂತಿಗೆ ಮುಚ್ಚಿದ ಮಾದರಿಯವು. ಹಿಂಬದಿಯ ಸ್ಕ್ರೂ ತೂತುಗಳ ಜಾಗವನ್ನೂ ನೋಡಿಕೊಳ್ಳಿ. ಕೆಲವಕ್ಕೆ ಒಂದೇ ಸ್ಕ್ರೂ ಓರೆಯಾಗಿ, ಕೆಲವಕ್ಕೆ ನೆಟ್ಟಗೆ, ಕೆಲವಕ್ಕೆ ಸ್ಕ್ರೂ ಬದಲು ಎರಡು ಮೊಳೆಯಂಥ ಮೂತಿ. ಇರುವ ತೂತಿಗೆ ಹೊಂದುವ ಬಿರಡೆ ಕೊಳ್ಳಿ. ಬಿರಡೆಗಾಗಿ ಗಿಟಾರು ಕೊರೆಯಬೇಡಿ. ನನ್ನ ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

15:1ಕ್ಕಿಂತ 18:1 ಹೆಚ್ಚು ಗಟ್ಟಿಯಾಗಿ ಶ್ರುತಿ ಹಿಡಿಯುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಕ್ಕುಬಿಡಿ. 18:1ರಲ್ಲಿ ಗುಂಡಿಯ ಒಂದು ಸುತ್ತಿಗೆ ಕಂಬ 20 ಡಿಗ್ರಿ ತಿರುಗುತ್ತದೆ, 15:1ರಲ್ಲಿ 24 ಡಿಗ್ರಿ. ನಾಜೂಕು ಹೆಚ್ಚಿತೇ ಹೊರತು ಹಿಡಿತ ಹೆಚ್ಚಲಿಲ್ಲ. ಮುಚ್ಚಿದ ಬಿರಡೆಗಳು ಹಳೆಯ ತಗಡಿನವಕ್ಕಿಂತ ಭಾರ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಗುರ ಒಡಲಿನ ಗಿಟಾರಿಗೆ ಹಾಕಿದರೆ ತಲೆ ನೆಲದ ಕಡೆ ವಾಲತೊಡಗುತ್ತದೆ. ಎರಡು ಗಂಟೆ ನಿಂತು ನುಡಿಸುವವನ ಎಡಗೈ ಅದನ್ನು ಹೊರಬೇಕು.

ಕೆಲಸ ಹೀಗೆ. ಮೇಜಿನ ಮೇಲೆ ಕಂಬಳಿ ಹಾಸಿ ಗಿಟಾರಿನ ಕತ್ತಿನ ಕೆಳಗೆ ಒಂದು ದಿಂಬು ಕೊಡಿ. ತಂತಿಗಳನ್ನು ನಿಧಾನವಾಗಿ ಸಡಿಲಿಸಿ ತೆಗೆಯಿರಿ. ಬಿಗಿ ಇರುವಾಗಲೇ ಕತ್ತರಿಸಿದರೆ ಕಣ್ಣಿಗೆ ಅಪಾಯ. ಹಿಂದಿನ ಸ್ಕ್ರೂ, ಮುಂದಿನ ಬುಷ್ ಬಿಚ್ಚಿದರೆ ಬಿರಡೆ ಕೈಗೆ ಬರುತ್ತದೆ. ಒತ್ತಿ ಕೂರಿಸಿದ ಹಳೆಯ ಬುಷ್ ಇದ್ದರೆ ಹಿಂದಿನಿಂದ ಮರದ ಕಡ್ಡಿ ಇಟ್ಟು ಮೆಲ್ಲಗೆ, ಸುತ್ತಲೂ ಸಮನಾಗಿ ತಳ್ಳಿ. ಅವಸರಕ್ಕೆ ಬಣ್ಣ ಏಳುತ್ತದೆ. ಹೊಸ ಬಿರಡೆಯನ್ನು ತೂರಿಸಿ ಬುಷ್ಷನ್ನು ಮೊದಲು ಬೆರಳಲ್ಲೇ ತಿರುಗಿಸಿ ಹಿಡಿಸಿ. ಆರನ್ನೂ ಹೀಗೆ ಕೂರಿಸಿದ ಮೇಲೆ ಒಂದು ಸ್ಕೇಲು ಇಟ್ಟು ಸಾಲು ನೋಡಿ, ಆಮೇಲೆ ಸ್ಕ್ರೂ.

ಸ್ಕ್ರೂವಿಗೆ ಹೊಸ ತೂತು ಬೇಕೇಬೇಕೆಂದಾದರೆ ಸ್ಕ್ರೂವಿಗಿಂತ ಸಣ್ಣದಾದ, ಒಂದೂವರೆ ಮಿಲಿಮೀಟರ್‌ನಷ್ಟು ಬಿಟ್ಟು ತೆಗೆದುಕೊಂಡು, ಎಷ್ಟು ಆಳ ಬೇಕೋ ಅಲ್ಲಿಗೆ ಟೇಪಿನ ತುಂಡೊಂದನ್ನು ಬಾವುಟದಂತೆ ಸುತ್ತಿ. ಬಾವುಟ ಮರ ಮುಟ್ಟಿದಾಗ ನಿಲ್ಲಿಸಬೇಕು. ಗಿಟಾರಿನ ತಲೆ ಹದಿನಾಲ್ಕು ಹದಿನೈದು ಮಿಲಿಮೀಟರ್ ದಪ್ಪ ಅಷ್ಟೇ, ಮರೆತರೆ ಮುಂಬದಿಗೆ ಬೆಳಕು ಕಾಣುತ್ತದೆ. ಹಳೆಯ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿಯನ್ನೋ ಊದುಬತ್ತಿಯ ಬಿದಿರುಕಡ್ಡಿಯನ್ನೋ ಮರದ ಅಂಟಿನಲ್ಲಿ ಅದ್ದಿ ತುಂಬಿ, ಒಂದು ರಾತ್ರಿ ಒಣಗಲು ಬಿಡಿ. ಸ್ಕ್ರೂವಿನ ಮೊನೆಯನ್ನು ಒಣ ಸೋಪಿನ ಬಿಲ್ಲೆಗೆ ಒಮ್ಮೆ ಉಜ್ಜಿ, ಕೈಯಿಂದಲೇ ತಿರುಗಿಸಿ. ಪವರ್ ಡ್ರೈವರ್ ಬೇಡವೇ ಬೇಡ. ಅಷ್ಟು ಸಣ್ಣ ಸ್ಕ್ರೂವಿನ ತಲೆ ಕಿತ್ತುಬಂದರೆ ಉಳಿದ ಅರ್ಧವನ್ನು ಗಟ್ಟಿ ಮೇಪಲ್ ಮರದಿಂದ ತೆಗೆಯುವುದು ದೊಡ್ಡ ಪಾಡು. ಕೊನೆಗೆ ಸ್ಪಾನರಿನಲ್ಲಿ ಬುಷ್ಷನ್ನು ಮರ ಕುಗ್ಗದಷ್ಟು ಬಿಗಿ ಮಾಡಿ. ಆರಕ್ಕೂ ಸೇರಿ ಒಂದು ಗಂಟೆ, ಕಾಫಿಗೆ ಎದ್ದರೆ ಒಂದೂಕಾಲು.

ತಂತಿ ಹಾಕುವಾಗ ಕಂಬಕ್ಕೆ ಎರಡು ಮೂರು ಸುತ್ತು ಸಾಕು, ಒಂದರ ಕೆಳಗೊಂದು ಇಳಿಯುವಂತೆ. ಬರಿಯ ಉಕ್ಕಿನ ಸಣ್ಣ ತಂತಿಗೆ ಒಂದು ಸುತ್ತು ಹೆಚ್ಚಿದ್ದರೆ ನಷ್ಟವಿಲ್ಲ. ಕೈಯಿಂದ ಎಳೆದು, ಶ್ರುತಿ ಮಾಡಿ, ಮತ್ತೆ ಎಳೆದು, ಇಳಿಯುವುದು ನಿಲ್ಲುವವರೆಗೆ. ಲಾಕಿಂಗ್ ಬಿರಡೆಯಾದರೂ ಈ ಎಳೆಯುವ ಕೆಲಸ ತಪ್ಪಿದ್ದಲ್ಲ.

ತೆಗೆದ ಹಳೆಯ ಬಿರಡೆಗಳನ್ನು ಗುಜರಿಗೆ ಹಾಕಬೇಡಿ. ಕಂಪನಿ ಅದೇ ಮಾದರಿಯನ್ನು ಮತ್ತೆ ಮಾಡುತ್ತದೆಂಬ ಭರವಸೆಯಿಲ್ಲ, ಸ್ಕ್ರೂಗಳಂತೂ ಒಂದೊಂದು ದೇಶದ್ದು ಒಂದೊಂದು ಅಳತೆ. ನಾನು 1996ರಲ್ಲಿ ಬಿಚ್ಚಿದ ಸೆಟ್ಟು ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ಸ್ಕ್ರೂ ಸಮೇತ ಇದೆ. ಅದರಿಂದ ಈವರೆಗೆ ಎರಡು ಗುಂಡಿ, ಐದು ಸ್ಕ್ರೂ, ಒಂದು ಇಡೀ ಬಿರಡೆ ಬೇರೆಯವರ ಗಿಟಾರುಗಳಿಗೆ ಹೋಗಿವೆ. ಹೋದ ವಾರ ಭದ್ರಾವತಿಯಿಂದ ಒಬ್ಬಾಕೆ ಫೋನು ಮಾಡಿದ್ದರು, ಮಗಳ ಗಿಟಾರಿನ ಒಂದು ಬುಷ್ ಎಲ್ಲೋ ಬಿದ್ದುಹೋಗಿದೆಯಂತೆ, ಅಂಗಡಿಯವರು ಪೂರ್ತಿ ಸೆಟ್ಟೇ ಹಾಕಬೇಕು ಅಂದರಂತೆ. ತೂತಿನ ಅಳತೆ ತೆಗೆದುಕೊಂಡು ಬರಲು ಹೇಳಿದ್ದೇನೆ.